ಕಲಿಕಾ ಭಿನ್ನತೆಯಿರುವ ಮಗುವಿಗೆ ಮಿಡ್ಲ್ ಸ್ಕೂಲ್ ಹುಡುಕುವಾಗ: ಪದೇ ಪದೇ ಕೇಳುವ ಪ್ರಶ್ನೆಗಳು

ಡಿಸ್ಲೆಕ್ಸಿಯಾ (ಓದುವುದು ಕಷ್ಟ), ಡಿಸ್‌ಗ್ರಾಫಿಯಾ (ಬರೆಯುವುದು ಕಷ್ಟ), ಡಿಸ್‌ಕ್ಯಾಲ್ಕುಲಿಯಾ (ಲೆಕ್ಕ ಕಷ್ಟ) ಅಥವಾ ಎಡಿಎಚ್‌ಡಿ (ಗಮನ ಹಿಡಿದಿಡುವುದು, ಸುಮ್ಮನೆ ಕೂರುವುದು ಕಷ್ಟ) ಇರುವ 10ರಿಂದ 14 ವರ್ಷದ ಮಕ್ಕಳ ತಂದೆತಾಯಂದಿರು ಶಾಲೆ ಬದಲಿಸುವ ಹೊತ್ತಿಗೆ ಕೇಳುವ ಪ್ರಶ್ನೆಗಳು ಇಲ್ಲಿವೆ. ಉತ್ತರಗಳಲ್ಲಿ ಒಂದು ಮಾತು ಮತ್ತೆ ಮತ್ತೆ ಬರುತ್ತದೆ: ಶಾಲೆಯವರ ಮಾತನ್ನು ಕೇಳಿಸಿಕೊಳ್ಳಿ, ಆದರೆ ವೇಳಾಪಟ್ಟಿಯನ್ನು ಕೇಳಿ ಪಡೆಯಿರಿ. "ನಾವು ಎಲ್ಲ ಮಕ್ಕಳನ್ನೂ ನೋಡಿಕೊಳ್ಳುತ್ತೇವೆ" ಎಂಬ ಭರವಸೆಗೆ ವಾರ, ಪೀರಿಯಡ್, ಶಿಕ್ಷಕರ ಹೆಸರು ಇಲ್ಲದಿದ್ದರೆ ಅಲ್ಲಿ ವ್ಯವಸ್ಥೆ ಇನ್ನೂ ಹುಟ್ಟಿಲ್ಲ ಎಂದೇ ತಿಳಿಯಿರಿ.

ಪ್ರೈಮರಿಯಲ್ಲಿ ಹೇಗೋ ನಡೆಯುತ್ತಿತ್ತು. ಮಿಡ್ಲ್ ಸ್ಕೂಲಿಗೆ ಬಂದ ಕೂಡಲೇ ಕಷ್ಟ ಯಾಕೆ ಹೆಚ್ಚುತ್ತದೆ?

ಮಗುವಿನ ತೊಂದರೆ ಒಮ್ಮೆಲೇ ಬೆಳೆಯುವುದಿಲ್ಲ, ಶಾಲೆಯ ಸ್ವರೂಪ ಬದಲಾಗುತ್ತದೆ. ಪ್ರೈಮರಿಯಲ್ಲಿ ಒಬ್ಬರೇ ಕ್ಲಾಸ್ ಟೀಚರ್ ದಿನದ ಹೆಚ್ಚಿನ ಹೊತ್ತು ಮಗುವಿನ ಜೊತೆ ಇರುತ್ತಾರೆ. ಯಾರಿಗೆ ಬೋರ್ಡಿನಿಂದ ಬರೆದುಕೊಳ್ಳಲು ತಡವಾಗುತ್ತದೆ, ಯಾರನ್ನು ಎಲ್ಲರೆದುರು ಓದಿಸಬಾರದು ಎಂಬುದು ಅವರಿಗೆ ಗೊತ್ತಿರುತ್ತದೆ. ಮಿಡ್ಲ್ ಸ್ಕೂಲಿನಲ್ಲಿ ಆರೇಳು ವಿಷಯ ಶಿಕ್ಷಕರು ಬಂದು ಹೋಗುತ್ತಾರೆ. ಒಬ್ಬೊಬ್ಬರದು ಒಂದೊಂದು ಪದ್ಧತಿ, ಹೋಂವರ್ಕ್ ಹೇಳುವ ರೀತಿಯೂ ಬೇರೆ, ಪುಸ್ತಕಗಳೂ ಬೇರೆ. ಮಗುವಿನ ಬಗ್ಗೆ ಒಬ್ಬರಿಗೆ ಗೊತ್ತಿದ್ದದ್ದು ಇನ್ನೊಬ್ಬರಿಗೆ ತಲುಪುವುದೇ ಇಲ್ಲ.

ಎರಡನೆಯದು ಓದಿನ ಪ್ರಮಾಣ. ಅಲ್ಲಿಯವರೆಗೆ ಓದುವುದನ್ನು ಕಲಿಯುವ ಕೆಲಸ, ಇಲ್ಲಿಂದ ಓದಿಯೇ ಇತಿಹಾಸ, ವಿಜ್ಞಾನ ಕಲಿಯುವ ಕೆಲಸ. ಇಂಗ್ಲಿಷಿನಲ್ಲಿ 6ನೇ ತರಗತಿಯ ಮಧ್ಯಮ ಮಟ್ಟದ ಮಗು ನಿಮಿಷಕ್ಕೆ ಸುಮಾರು 145 ಪದ ಗಟ್ಟಿಯಾಗಿ ಓದುತ್ತದೆ ಎಂದು ಅಮೆರಿಕದಲ್ಲಿ 2017ರಲ್ಲಿ ಪ್ರಕಟವಾದ ಮಾನದಂಡ ಹೇಳುತ್ತದೆ. 70 ಪದ ಓದುವ ಮಗುವಿಗೆ ಅದೇ ಪಾಠ ಎರಡು ಪಟ್ಟು ಉದ್ದ. ಜೊತೆಗೆ, ಅಕ್ಷರ ಬಿಡಿಸುವುದರಲ್ಲೇ ಶಕ್ತಿ ಮುಗಿದು ಅರ್ಥಕ್ಕೆ ಏನೂ ಉಳಿಯುವುದಿಲ್ಲ. (ಈ ಸಂಖ್ಯೆಯನ್ನು ಕನ್ನಡ ಓದಿಗೆ ಹೊಂದಿಸಲು ಹೋಗಬೇಡಿ. "ಬರುತ್ತಿದ್ದರಂತೆ" ಎನ್ನುವುದು ನಮಗೆ ಒಂದೇ ಪದ, ಇಂಗ್ಲಿಷಿಗೆ ಅದು ಒಂದು ಪುಟ್ಟ ವಾಕ್ಯ.)

ಎಷ್ಟು ಮುಂಚೆ ಹುಡುಕಲು ಶುರು ಮಾಡಬೇಕು?

12ರಿಂದ 18 ತಿಂಗಳು ಮುಂಚೆ. ಅಷ್ಟು ಸಮಯ ಬೇಕಾಗುವುದು ಶಾಲೆ ನೋಡುವುದಕ್ಕಲ್ಲ, ಕಾಗದಪತ್ರಕ್ಕೆ. ಮಗುವಿನ ಕಲಿಕೆಯನ್ನು ತಜ್ಞರು ಪರೀಕ್ಷಿಸಿ ಕೊಟ್ಟ ಅಸೆಸ್‌ಮೆಂಟ್ ರಿಪೋರ್ಟ್ 3 ವರ್ಷಕ್ಕಿಂತ ಹಳೆಯದಾಗಿದ್ದರೆ ಅನೇಕ ಕಡೆ ಹೊಸದು ಕೇಳುತ್ತಾರೆ. ಹೊಸ ಪರೀಕ್ಷೆಗೆ ಸರದಿ ಸಿಗಲು, ಎರಡು ಮೂರು ಸಲ ಕೂರಿಸಿ ಪರೀಕ್ಷೆ ಮಾಡಿಸಲು, ರಿಪೋರ್ಟ್ ಕೈಗೆ ಬರಲು ತಿಂಗಳುಗಳೇ ಹಿಡಿಯಬಹುದು. ಶಾಲೆಗಳನ್ನು ನೋಡುವ ಕೆಲಸ ಹಿಂದಿನ ವರ್ಷದ ಮಧ್ಯಭಾಗದಲ್ಲಿ, ತರಗತಿಗಳು ಮಾಮೂಲಿಯಾಗಿ ನಡೆಯುತ್ತಿರುವಾಗ ಆಗಬೇಕು. ಪರೀಕ್ಷೆಯ ವಾರದಲ್ಲೋ ವಾರ್ಷಿಕೋತ್ಸವದ ದಿನವೋ ಹೋದರೆ ಶಾಲೆಯ ನಿಜ ಮುಖ ಕಾಣುವುದಿಲ್ಲ.

ರಿಪೋರ್ಟ್ ತುಂಬ ಅಂಕಿಗಳಿವೆ. ಶಾಲೆ ಆರಿಸಲು ಅದರಲ್ಲಿ ಏನು ನೋಡಬೇಕು?

ಮೊದಲು ಒಂದು ಗೊಂದಲ ಕಳೆದುಕೊಳ್ಳಿ: ಪರ್ಸೆಂಟೈಲ್ ಎಂದರೆ ಶೇಕಡಾವಾರು ಅಂಕವಲ್ಲ. 16ನೇ ಪರ್ಸೆಂಟೈಲ್ ಎಂದರೆ 100ಕ್ಕೆ 16 ಬಂತು ಎಂದಲ್ಲ. ಅದೇ ವಯಸ್ಸಿನ 100 ಮಕ್ಕಳನ್ನು ಸಾಲಾಗಿ ನಿಲ್ಲಿಸಿದರೆ ಸುಮಾರು 16 ಮಕ್ಕಳು ಈ ಮಗುವಿಗಿಂತ ಹಿಂದೆ ಇರುತ್ತಾರೆ ಎಂದು ಅರ್ಥ. ಹೆಚ್ಚಿನ ಪರೀಕ್ಷೆಗಳಲ್ಲಿ ಸ್ಟ್ಯಾಂಡರ್ಡ್ ಸ್ಕೋರಿನ (ಅದೇ ವಯಸ್ಸಿನ ಮಕ್ಕಳಿಗೆ ಹೋಲಿಸಿ ಕೊಡುವ ಅಂಕದ) ಸರಾಸರಿ 100. 85ರಿಂದ 115ರ ನಡುವೆ ಸುಮಾರು ಮೂರನೇ ಎರಡು ಪಾಲು ಮಕ್ಕಳು ಬರುತ್ತಾರೆ. 85 ಎಂದರೆ 16ನೇ ಪರ್ಸೆಂಟೈಲ್, 70 ಎಂದರೆ 2ನೇ ಪರ್ಸೆಂಟೈಲ್.

ಒಟ್ಟು ಬುದ್ಧಿಮತ್ತೆಯ ಒಂದೇ ಸಂಖ್ಯೆಯನ್ನು ಹಿಡಿದುಕೊಂಡು ಕೂರಬೇಡಿ. ಮಕ್ಕಳ ಬುದ್ಧಿಮತ್ತೆ ಅಳೆಯುವ ವಿಸ್ಕ್ ಪರೀಕ್ಷೆಯ 2014ರಲ್ಲಿ ಬಂದ ಐದನೇ ಆವೃತ್ತಿ ಐದು ವಿಭಾಗಗಳನ್ನು ಬೇರೆ ಬೇರೆಯಾಗಿ ಅಳೆಯುತ್ತದೆ: ಮಾತಿನ ಗ್ರಹಿಕೆ, ದೃಶ್ಯ ಮತ್ತು ಸ್ಥಳದ ಅರಿವು, ಹೊಸ ಸಮಸ್ಯೆಯನ್ನು ತರ್ಕಿಸುವುದು, ಕೆಲಸದ ನೆನಪು (ಕೇಳಿದ್ದನ್ನು ಕೆಲಸ ಮುಗಿಯುವವರೆಗೆ ತಲೆಯಲ್ಲಿ ಹಿಡಿದಿಟ್ಟುಕೊಳ್ಳುವುದು), ಕೆಲಸದ ವೇಗ. ಮಾತಿನ ಗ್ರಹಿಕೆ 118, ವೇಗ 78 ಇರುವ ಮಗುವಿನ ಒಟ್ಟು ಸಂಖ್ಯೆ 100ರ ಆಸುಪಾಸಿನಲ್ಲಿ ಬರಬಹುದು. ಅದನ್ನು ನೋಡಿ "ಎಲ್ಲ ಸರಿ ಇದೆಯಲ್ಲ" ಎನ್ನುವವರೇ ಜಾಸ್ತಿ. ಆದರೆ ಆ ಮಗು ಬಾಯಲ್ಲಿ ಸೊಗಸಾಗಿ ಉತ್ತರ ಹೇಳುತ್ತದೆ, ಬರೆಯಲು ಕೂತರೆ ಅರ್ಧ ಪ್ರಶ್ನೆಪತ್ರಿಕೆಯಲ್ಲೇ ಗಂಟೆ ಹೊಡೆಯುತ್ತದೆ. ಸೋಮಾರಿ ಎಂಬ ಹಣೆಪಟ್ಟಿ ಇಂಥ ಮಕ್ಕಳಿಗೇ ಮೊದಲು ಅಂಟುವುದು.

ಹಾಗಾಗಿ ವಿಭಾಗಗಳ ನಡುವಿನ ಅಂತರ ನೋಡಿ. ಅಂತರದಿಂದಲೇ ಶಾಲೆಗೆ ಕೇಳಬೇಕಾದ ಪ್ರಶ್ನೆ ಹುಟ್ಟುತ್ತದೆ. ವೇಗ ಕಡಿಮೆಯಿದ್ದರೆ ಹೆಚ್ಚುವರಿ ಸಮಯ ಮತ್ತು ಕಡಿಮೆ ನಕಲು ಕೆಲಸದ ಬಗ್ಗೆ ಕೇಳಿ. ಕೆಲಸದ ನೆನಪು ಕಡಿಮೆಯಿದ್ದರೆ ಸೂಚನೆಗಳನ್ನು ಬಾಯಲ್ಲಿ ಹೇಳುವುದಷ್ಟೇ ಅಲ್ಲದೆ ಬೋರ್ಡಿನ ಮೇಲೂ ಬರೆದು ಬಿಡುತ್ತಾರೆಯೇ ಎಂದು ಕೇಳಿ. ಓದಿನ ನಿಖರತೆ ಕಡಿಮೆಯಿದ್ದರೆ ಓದನ್ನು ಮತ್ತೆ ಕಲಿಸುವ ವ್ಯವಸ್ಥೆ ಇದೆಯೇ ಎಂಬುದೇ ಮೊದಲ ಪ್ರಶ್ನೆ.

ರಿಪೋರ್ಟಿನಲ್ಲಿ ಹೆಸರು ಬೇರೆ ಇದ್ದರೆ ಗಾಬರಿಯಾಗಬೇಡಿ. ಮನೋವೈದ್ಯರು ರೋಗನಿರ್ಣಯಕ್ಕೆ ಬಳಸುವ 2013ರ ಡಿಎಸ್‌ಎಂ-5 ಕೈಪಿಡಿ ಡಿಸ್ಲೆಕ್ಸಿಯಾ, ಡಿಸ್‌ಕ್ಯಾಲ್ಕುಲಿಯಾಗಳನ್ನು "ನಿರ್ದಿಷ್ಟ ಕಲಿಕಾ ನ್ಯೂನತೆ" ಎಂಬ ಒಂದೇ ಛತ್ರಿಯಡಿ ತಂದು, ಓದು, ಬರಹ, ಗಣಿತ ಎಂದು ವಿಭಾಗ ಮಾಡಿತು. ಶಾಲೆಗೆ ಹೋಗುವ ವಯಸ್ಸಿನ ಮಕ್ಕಳಲ್ಲಿ 5ರಿಂದ 15% ಮಂದಿಗೆ ಇದು ಇರುತ್ತದೆ ಎಂದು ಅದೇ ಕೈಪಿಡಿ ಹೇಳುತ್ತದೆ. ಎಂದರೆ 40 ಮಕ್ಕಳ ತರಗತಿಯಲ್ಲಿ ಕನಿಷ್ಠ ಇಬ್ಬರು. "ನಮ್ಮಲ್ಲಿ ಅಂಥ ಮಕ್ಕಳೇ ಇಲ್ಲ" ಎನ್ನುವ ಶಾಲೆ ತನ್ನ ಮಕ್ಕಳನ್ನು ಸರಿಯಾಗಿ ನೋಡಿಲ್ಲ.

ರಿಪೋರ್ಟನ್ನು ಶಾಲೆಗೆ ತೋರಿಸಬೇಕೇ? ಸೀಟು ಸಿಗದೇ ಹೋದರೆ?

ತೋರಿಸಿ. ಮುಚ್ಚಿಟ್ಟು ಸೇರಿಸಿದರೆ ಮೊದಲ ಟರ್ಮ್ ಪೂರ್ತಿ ಯಾವ ನೆರವೂ ಇಲ್ಲದೆ ಕಳೆಯುತ್ತದೆ, ಗೊತ್ತಾದ ಮೇಲೆ ಶಾಲೆಗೂ ನಿಮಗೂ ನಡುವೆ ನಂಬಿಕೆ ಉಳಿಯುವುದಿಲ್ಲ, ಮಗುವಿಗೆ ತನ್ನ ತೊಂದರೆ ನಾಚಿಕೆಪಡುವ ವಿಷಯ ಎಂಬ ಪಾಠವಾಗುತ್ತದೆ. ರಿಪೋರ್ಟ್ ನೋಡಿದ ಕೂಡಲೇ ಬಾಗಿಲು ಹಾಕುವ ಶಾಲೆ, ಮುಚ್ಚಿಟ್ಟು ಸೇರಿಸಿದ್ದರೂ ಆ ಮಗುವನ್ನು ಚೆನ್ನಾಗಿ ನೋಡಿಕೊಳ್ಳುತ್ತಿರಲಿಲ್ಲ.

ಆದರೆ 20 ಪುಟದ ರಿಪೋರ್ಟನ್ನು ಮೊದಲ ದಿನವೇ ಮೇಜಿನ ಮೇಲೆ ಇಡಬೇಕಾಗಿಲ್ಲ. ಒಂದು ಪುಟದ ಪರಿಚಯ ಬರೆದುಕೊಳ್ಳಿ. ಮೇಲ್ಭಾಗದಲ್ಲಿ ಮಗುವಿಗೆ ಏನು ಚೆನ್ನಾಗಿ ಬರುತ್ತದೆ, ನಡುವೆ ಯಾವ ಕೆಲಸ ಕಷ್ಟ, ಕೆಳಗೆ ಈಗಿನ ಶಾಲೆಯಲ್ಲಿ ಕೆಲಸ ಮಾಡಿರುವ ಮೂರು ನಾಲ್ಕು ಉಪಾಯಗಳು. "ಗಮನ ಕಡಿಮೆ" ಎಂದು ಬರೆದರೆ ಯಾರಿಗೂ ಏನೂ ತಿಳಿಯುವುದಿಲ್ಲ. "ಮುಂದಿನ ಸಾಲಿನಲ್ಲಿ, ಕಿಟಕಿಯಿಂದ ದೂರ ಕೂತರೆ 15 ನಿಮಿಷ ಎಡೆಬಿಡದೆ ಕೆಲಸ ಮಾಡುತ್ತಾಳೆ" ಎಂದು ಬರೆದರೆ ಶಿಕ್ಷಕರು ನಾಳೆಯೇ ಹಾಗೆ ಮಾಡಬಹುದು. ಈ ಪುಟ ಪ್ರತಿಯೊಬ್ಬ ವಿಷಯ ಶಿಕ್ಷಕರ ಕೈಗೂ ಹೋಗಬೇಕು. ಆಫೀಸಿನ ಫೈಲಿನಲ್ಲಿ ಉಳಿದರೆ ಉಪಯೋಗವಿಲ್ಲ.

ವಿಶೇಷ ಶಾಲೆ ಒಳ್ಳೆಯದೋ, ಸಾಮಾನ್ಯ ಶಾಲೆಯೋ?

ತತ್ವದ ಮಟ್ಟದಲ್ಲಿ ಜಗತ್ತು ಎತ್ತ ಸಾಗಿದೆ ಎಂಬುದು ಸ್ಪಷ್ಟ. ವಿಶೇಷ ಶಿಕ್ಷಣದ ಬಗ್ಗೆ ಸ್ಪೇನಿನಲ್ಲಿ ನಡೆದ ಜಾಗತಿಕ ಸಮ್ಮೇಳನದ 1994ರ ಸಲಮಾಂಕಾ ಘೋಷಣೆ ಎಲ್ಲ ಮಕ್ಕಳಿಗೂ ಸಾಮಾನ್ಯ ಶಾಲೆಯ ಬಾಗಿಲು ತೆರೆದಿರಬೇಕು ಎಂದಿತು. 2006ರಲ್ಲಿ ವಿಶ್ವಸಂಸ್ಥೆ ಅಂಗೀಕರಿಸಿದ ಅಂಗವಿಕಲರ ಹಕ್ಕುಗಳ ಒಡಂಬಡಿಕೆಯ 24ನೇ ವಿಧಿ ಒಳಗೊಳ್ಳುವ ಶಿಕ್ಷಣವನ್ನೂ ಅದಕ್ಕೆ ಬೇಕಾದ ಸೂಕ್ತ ಅನುಕೂಲಗಳನ್ನೂ ಹಕ್ಕಾಗಿ ಕಾಣುತ್ತದೆ.

ಆದರೆ ನಿಮ್ಮ ಮಗುವಿನ ವಿಷಯದಲ್ಲಿ ಉತ್ತರ, ಮಗುವಿಗೆ ದಿನದಲ್ಲಿ ಎಷ್ಟು ಹೊತ್ತು ಬೇರೆ ರೀತಿಯ ಪಾಠ ಬೇಕು ಎನ್ನುವುದರ ಮೇಲೆ ನಿಂತಿದೆ. ಪಾಠ ಅರ್ಥವಾಗುತ್ತದೆ, ಓದು ಬರಹವಷ್ಟೇ ಅಡ್ಡಿ ಎಂದಾದರೆ ಒಳ್ಳೆಯ ನೆರವಿರುವ ಸಾಮಾನ್ಯ ಶಾಲೆಯೇ ಸರಿ. ಅಲ್ಲಿ ವಿಜ್ಞಾನ, ಸಮಾಜ, ಆಟ, ಗೆಳೆಯರು ಎಲ್ಲವೂ ವಯಸ್ಸಿಗೆ ತಕ್ಕಂತೆ ಸಿಗುತ್ತವೆ. ಓದು ತರಗತಿಯ ಮಟ್ಟಕ್ಕಿಂತ ಮೂರು ನಾಲ್ಕು ವರ್ಷ ಹಿಂದಿದ್ದು, ಮಗು ಶಾಲೆ ಎಂದರೆ ನಡುಗುವ ಸ್ಥಿತಿಗೆ ಬಂದಿದ್ದರೆ, ಎರಡು ಮೂರು ವರ್ಷ ಕಲಿಕಾ ಭಿನ್ನತೆಗೆಂದೇ ಇರುವ ಶಾಲೆಯಲ್ಲಿ ಕಳೆದು ಮತ್ತೆ ಸಾಮಾನ್ಯ ಶಾಲೆಗೆ ಬರುವ ದಾರಿಯನ್ನು ಗಂಭೀರವಾಗಿ ಯೋಚಿಸಿ. ಅಂಥ ಶಾಲೆಯಲ್ಲಿ ಕೇಳಲೇಬೇಕಾದ ಪ್ರಶ್ನೆ: ಮಕ್ಕಳು ಇಲ್ಲಿಂದ ಯಾವ ಶಾಲೆಗಳಿಗೆ, ಯಾವ ತರಗತಿಗೆ ಹೋಗುತ್ತಾರೆ? ಹೊರಹೋಗುವ ದಾರಿಯ ಬಗ್ಗೆ ಉತ್ತರವಿಲ್ಲದಿದ್ದರೆ ಹುಷಾರಾಗಿರಿ.

ಶಾಲೆಯಲ್ಲಿ ರಿಸೋರ್ಸ್ ರೂಮ್ (ನೆರವಿನ ಪಾಠಕ್ಕೆಂದೇ ಇರುವ ಕೋಣೆ) ಇದೆ, ಸ್ಪೆಷಲ್ ಎಜುಕೇಟರ್ (ಇಂಥ ಮಕ್ಕಳಿಗೆ ಕಲಿಸಲು ತರಬೇತಿ ಪಡೆದ ಶಿಕ್ಷಕರು) ಇದ್ದಾರೆ. ಅಷ್ಟು ಸಾಕಲ್ಲವೇ?

ಸಾಲದು. ಬಣ್ಣಬಣ್ಣದ ಚಾರ್ಟುಗಳಿರುವ ಕೋಣೆಯನ್ನು ತೋರಿಸುವುದು ಸುಲಭ. ಕೋಣೆಯಲ್ಲಿ ನಿಂತೇ ಈ ನಾಲ್ಕನ್ನು ಕೇಳಿ.

ಎಷ್ಟು ಮಕ್ಕಳಿಗೆ ಎಷ್ಟು ಶಿಕ್ಷಕರು? ಒಬ್ಬ ಸ್ಪೆಷಲ್ ಎಜುಕೇಟರ್ ಇಡೀ ಶಾಲೆಯ 60 ಮಕ್ಕಳನ್ನು ನೋಡುತ್ತಿದ್ದರೆ ಒಂದು ಮಗುವಿಗೆ ವಾರಕ್ಕೆ ಅರ್ಧ ಗಂಟೆ ಸಿಗುವುದೂ ಕಷ್ಟ, ಅದರಲ್ಲೂ ಅರ್ಧ ಹೊತ್ತು ಹೋಂವರ್ಕ್ ಮುಗಿಸುವುದರಲ್ಲೇ ಕಳೆಯುತ್ತದೆ. ಓದಿನಲ್ಲಿ ನಿಜವಾದ ಬದಲಾವಣೆ ಬೇಕಿದ್ದರೆ ವಾರಕ್ಕೆ ನಾಲ್ಕೈದು ದಿನ, ದಿನಕ್ಕೆ 30ರಿಂದ 45 ನಿಮಿಷ, ಮೂರು ನಾಲ್ಕು ಮಕ್ಕಳ ಗುಂಪಿನಲ್ಲಿ ಕ್ರಮಬದ್ಧ ಪಾಠ ನಡೆಯಬೇಕು.

ಆ ಹೊತ್ತಿನಲ್ಲಿ ಮಗು ಏನನ್ನು ಕಳೆದುಕೊಳ್ಳುತ್ತದೆ? ಬಹಳ ಕಡೆ ಚಿತ್ರಕಲೆ, ಸಂಗೀತ, ಆಟದ ಪೀರಿಯಡ್ಡನ್ನೇ ಕಿತ್ತು ಓದಿಗೆ ಕೊಡುತ್ತಾರೆ. ದಿನವಿಡೀ ಸೋಲುವ ಮಗು ಗೆಲ್ಲುವುದು ಆ ಪೀರಿಯಡ್ಡಿನಲ್ಲಿ ಮಾತ್ರ. ಅದನ್ನು ಕಿತ್ತುಕೊಳ್ಳಬೇಡಿ ಎಂದು ಖಡಾಖಂಡಿತವಾಗಿ ಹೇಳಿ.

ಕೋಣೆಯಲ್ಲಿ ಕಲಿಸುವುದಕ್ಕೂ ತರಗತಿಯ ಪಾಠಕ್ಕೂ ಸಂಬಂಧ ಹೇಗೆ? ಸ್ಪೆಷಲ್ ಎಜುಕೇಟರ್ ಮತ್ತು ವಿಷಯ ಶಿಕ್ಷಕರು ಒಟ್ಟಿಗೆ ಕೂರಲು ವೇಳಾಪಟ್ಟಿಯಲ್ಲಿ ಒಂದು ಪೀರಿಯಡ್ ಇದೆಯೇ? "ಸ್ಟಾಫ್ ರೂಮಿನಲ್ಲಿ ಮಾತಾಡಿಕೊಳ್ಳುತ್ತೇವೆ" ಎನ್ನುವುದು ಉತ್ತರವಲ್ಲ. ವಾರದ 40 ಪೀರಿಯಡ್ಡುಗಳಲ್ಲಿ 35 ಪೀರಿಯಡ್ ಮಗು ಇರುವುದು ಸಾಮಾನ್ಯ ತರಗತಿಯಲ್ಲೇ. ರಿಸೋರ್ಸ್ ರೂಮಿನ ಗುಣಕ್ಕಿಂತ ಗಣಿತದ ಮೇಷ್ಟ್ರು, ಸಮಾಜದ ಮೇಡಂ ಹೇಗೆ ಪಾಠ ಮಾಡುತ್ತಾರೆ ಎನ್ನುವುದು ಹೆಚ್ಚು ಮುಖ್ಯವಾಗುವುದು ಇದಕ್ಕೇ.

ಕೊನೆಯದಾಗಿ, ಮಗು ಮುಂದೆ ಹೋಗುತ್ತಿದೆ ಎಂದು ಹೇಗೆ ಅಳೆಯುತ್ತೀರಿ? ಆರೇಳು ವಾರಕ್ಕೊಮ್ಮೆಯಾದರೂ ನಿಮಿಷಕ್ಕೆ ಎಷ್ಟು ಪದ, ಎಷ್ಟು ತಪ್ಪು ಎಂಬ ದಾಖಲೆ ಇರಬೇಕು. ಹೆಸರು ಮುಚ್ಚಿ ಒಂದು ಮಗುವಿನ ದಾಖಲೆ ತೋರಿಸಲು ಕೇಳಿ. ಇದ್ದರೆ ಎರಡು ನಿಮಿಷದಲ್ಲಿ ಸಿಗುತ್ತದೆ.

ಶಾಲೆ ನೋಡಲು ಹೋದಾಗ ಇನ್ನೇನು ಗಮನಿಸಬೇಕು?

ನಡೆಯುತ್ತಿರುವ ತರಗತಿಯಲ್ಲಿ 20 ನಿಮಿಷ ಹಿಂದೆ ಕೂರಲು ಅನುಮತಿ ಕೇಳಿ. ಕೂತಾಗ ಶಿಕ್ಷಕರನ್ನಷ್ಟೇ ನೋಡಬೇಡಿ, ಕೊನೆಯ ಸಾಲಿನ ಮಕ್ಕಳನ್ನು ನೋಡಿ. ತಪ್ಪು ಉತ್ತರ ಕೊಟ್ಟ ಮಗುವಿಗೆ ಏನಾಗುತ್ತದೆ? ಪ್ರಶ್ನೆ ಕೇಳಿದ ಮೇಲೆ ಶಿಕ್ಷಕರು ಕೈ ಎತ್ತಿದ ಮೊದಲ ಮಗುವಿಗೆ ಅವಕಾಶ ಕೊಡುತ್ತಾರೋ, ನಾಲ್ಕೈದು ಸೆಕೆಂಡ್ ಕಾಯುತ್ತಾರೋ? ನಿಧಾನವಾಗಿ ಯೋಚಿಸುವ ಮಗುವಿಗೆ ಆ ಸೆಕೆಂಡುಗಳೇ ಬಾಗಿಲು. ಒಬ್ಬೊಬ್ಬರಾಗಿ ಎದ್ದು ಗಟ್ಟಿಯಾಗಿ ಓದುವ ಪದ್ಧತಿ ಇದೆಯೇ? ಇದ್ದರೆ ಓದಲು ಕಷ್ಟವಿರುವ ಮಗುವಿಗೆ ಹಿಂದಿನ ದಿನವೇ ಆ ಪ್ಯಾರಾ ಕೊಡುತ್ತಾರೆಯೇ, ಓದದಿರುವ ಆಯ್ಕೆ ಇದೆಯೇ ಎಂದು ಆಮೇಲೆ ಕೇಳಿ.

ಸದ್ದು ಬಹಳ ಜನ ಮರೆಯುವ ವಿಷಯ. ವಿಶ್ವ ಆರೋಗ್ಯ ಸಂಸ್ಥೆಯ 1999ರ ಮಾರ್ಗಸೂಚಿಯ ಪ್ರಕಾರ ಪಾಠ ನಡೆಯುವಾಗ ಕೋಣೆಯ ಹಿನ್ನೆಲೆ ಸದ್ದು 35 ಡೆಸಿಬೆಲ್ ಮೀರಬಾರದು. ರಸ್ತೆಗೆ ಮುಖ ಮಾಡಿದ, ಬರಿಯ ಗೋಡೆ ಮತ್ತು ಟೈಲ್ಸ್ ನೆಲದ ಕೋಣೆಯಲ್ಲಿ ಸದ್ದು ಇದಕ್ಕಿಂತ ಬಹಳ ಹೆಚ್ಚಿರುತ್ತದೆ, ಮಾತೂ ಪ್ರತಿಧ್ವನಿಸಿ ಕಲಸಿಹೋಗುತ್ತದೆ. ಖಾಲಿ ಕೋಣೆಯಲ್ಲಿ ನಿಂತು ಒಮ್ಮೆ ಚಪ್ಪಾಳೆ ತಟ್ಟಿ ನೋಡಿ. ಸದ್ದು ಕಿಣಿಕಿಣಿ ಎಂದು ಉಳಿದರೆ ಆ ಕೋಣೆಯಲ್ಲಿ ಕಿವಿಗೊಟ್ಟು ಕೇಳುವುದು ದಣಿಸುವ ಕೆಲಸ.

ಗೋಡೆಯ ಮೇಲೆ ಯಾರ ಕೆಲಸ ಅಂಟಿಸಿದ್ದಾರೆ ನೋಡಿ. ಮುತ್ತಿನಂಥ ಕೈಬರಹದ ಹಾಳೆಗಳು ಮಾತ್ರ ಇದ್ದರೆ ಅದೂ ಒಂದು ಸುದ್ದಿಯೇ. ಮುಖ್ಯ ಶಿಕ್ಷಕರ ಜೊತೆ ಮಾತಾಡಿ ಮುಗಿದ ಮೇಲೆ, ಸಾಧ್ಯವಾದರೆ ಆ ಶಾಲೆಯಲ್ಲಿ ಇಂಥದ್ದೇ ತೊಂದರೆಯ ಮಗುವಿರುವ ಪೋಷಕರ ಜೊತೆ ಮಾತಾಡಿಸಲು ಕೇಳಿಕೊಳ್ಳಿ. ಅವರಿಗೆ ಕೇಳಬೇಕಾದದ್ದು ಒಂದೇ: ಹೋದ ವರ್ಷ ಏನಾದರೂ ತಪ್ಪಿದಾಗ ಶಾಲೆ ಎಷ್ಟು ದಿನದಲ್ಲಿ ಸರಿಮಾಡಿತು?

"ಪರೀಕ್ಷೆಯಲ್ಲಿ ರಿಯಾಯಿತಿ ಕೊಡುತ್ತೇವೆ" ಎನ್ನುತ್ತಾರೆ. ಅದರ ಅರ್ಥವೇನು?

ಇಲ್ಲಿ ಎರಡು ಬೇರೆ ಬೇರೆ ವಿಷಯಗಳನ್ನು ಒಂದೇ ಮಾತಿನಲ್ಲಿ ಕಟ್ಟಿಬಿಡುತ್ತಾರೆ. ಹೆಚ್ಚುವರಿ ಸಮಯ, ಪ್ರಶ್ನೆ ಓದಿ ಹೇಳುವವರು, ಉತ್ತರ ಬರೆದುಕೊಡುವ ಸ್ಕ್ರೈಬ್, ದೊಡ್ಡ ಅಕ್ಷರ, ಬೇರೆ ಕೋಣೆ ಇವೆಲ್ಲ ಅನುಕೂಲಗಳು. ಇವುಗಳಲ್ಲಿ ಮಗು ಕಲಿಯುವ ಪಾಠ ಎಲ್ಲರದ್ದೇ, ಅದನ್ನು ತೋರಿಸುವ ದಾರಿ ಮಾತ್ರ ಬೇರೆ. ಪಾಠವನ್ನೇ ಕಡಿಮೆ ಮಾಡುವುದು, ಸುಲಭದ ಪ್ರಶ್ನೆಪತ್ರಿಕೆ ಕೊಡುವುದು, ಒಂದು ವಿಷಯವನ್ನೇ ಬಿಡಿಸುವುದು ಪಠ್ಯದ ಬದಲಾವಣೆ. ಎರಡನೆಯದು ಕೆಲವು ಮಕ್ಕಳಿಗೆ ಬೇಕೇ ಬೇಕು, ಆದರೆ ಅದು ಮುಂದಿನ ಹಾದಿಗಳನ್ನು ಕಿರಿದು ಮಾಡಬಹುದು. 11ನೇ ವಯಸ್ಸಿನಲ್ಲಿ ಬಿಟ್ಟ ಗಣಿತ 16ನೇ ವಯಸ್ಸಿನಲ್ಲಿ ಅಡ್ಡ ಬರುತ್ತದೆ. ಒಪ್ಪುವ ಮೊದಲು, ಇದರಿಂದ ಮುಂದೆ ಯಾವ ಕೋರ್ಸು, ಯಾವ ಪರೀಕ್ಷೆ ತಪ್ಪುತ್ತದೆ ಎಂದು ಬರಹದಲ್ಲಿ ಕೇಳಿ.

ಹೆಚ್ಚುವರಿ ಸಮಯ ಸಾಮಾನ್ಯವಾಗಿ 25% ಅಥವಾ 50% ಇರುತ್ತದೆ. ಒಂದು ಗಂಟೆಯ ಪರೀಕ್ಷೆಗೆ 15 ಅಥವಾ 30 ನಿಮಿಷ. ಎಡವುವುದು ಎಲ್ಲಿ ಎಂದರೆ, ಆ ಸಮಯವನ್ನು ಊಟದ ವಿರಾಮದಿಂದಲೋ ಮುಂದಿನ ಪೀರಿಯಡ್ಡಿನಿಂದಲೋ ಕಿತ್ತು ಕೊಡುತ್ತಾರೆ. ಗೆಳೆಯರೆಲ್ಲ ಹೊರಗೆ ಓಡುವಾಗ ತಾನೊಬ್ಬನೇ ಕೂರಬೇಕಾದ ಮಗು ಎರಡನೇ ಸಲಕ್ಕೆ "ನನಗೆ ಬೇಡ" ಎನ್ನುತ್ತದೆ, ಶಾಲೆ ಅದನ್ನು "ಅಗತ್ಯವಿಲ್ಲ" ಎಂದು ಬರೆದುಕೊಳ್ಳುತ್ತದೆ. ಸ್ಕ್ರೈಬ್ ಕೊಡುವುದಾದರೆ ವರ್ಷದ ಕೊನೆಯ ಪರೀಕ್ಷೆಯಲ್ಲಿ ಮೊದಲ ಸಲ ಕೊಡಬಾರದು. ಉತ್ತರವನ್ನು ಬಾಯಲ್ಲಿ ಹೇಳಿ ಬರೆಸುವುದು ಕಲಿಯಬೇಕಾದ ಕೌಶಲ. ನಾಲ್ಕೈದು ಕಿರುಪರೀಕ್ಷೆಗಳಲ್ಲಾದರೂ ಅಭ್ಯಾಸವಾಗಬೇಕು.

ಓದು ಕಲಿಸಲು ಯಾವ ಪದ್ಧತಿ ಬಳಸುವ ಶಾಲೆ ಒಳ್ಳೆಯದು?

ಹೆಸರಿಗಿಂತ ಲಕ್ಷಣ ನೋಡಿ. ಧ್ವನಿ ಮತ್ತು ಅಕ್ಷರದ ಸಂಬಂಧವನ್ನು ಸುಲಭದಿಂದ ಕಷ್ಟಕ್ಕೆ ಕ್ರಮವಾಗಿ, ನೇರವಾಗಿ ಹೇಳಿಕೊಟ್ಟು, ಕಲಿತದ್ದನ್ನು ದಿನವೂ ಮರುಕಳಿಸುವ ಪಾಠವಿರಬೇಕು. 1930ರ ದಶಕದಲ್ಲಿ ನರವೈದ್ಯ ಸ್ಯಾಮ್ಯುಯೆಲ್ ಆರ್ಟನ್ ಮತ್ತು ಶಿಕ್ಷಕಿ ಆನಾ ಗಿಲ್ಲಿಂಗ್‌ಹ್ಯಾಮ್ ರೂಪಿಸಿದ ಪದ್ಧತಿ ಈ ಮನೆತನದ ಹಿರಿಯ. ಇಂದಿನ ಅನೇಕ ಕಾರ್ಯಕ್ರಮಗಳು ಅದರ ಮಕ್ಕಳು ಮೊಮ್ಮಕ್ಕಳು. "ಚಿತ್ರ ನೋಡಿ ಪದ ಊಹಿಸು" ಎಂದು ಹೇಳಿಕೊಡುವ ಕಡೆ ಮಗುವನ್ನು ಬಿಡಬೇಡಿ, ಏಕೆಂದರೆ ಮಿಡ್ಲ್ ಸ್ಕೂಲಿನ ಪುಸ್ತಕದಲ್ಲಿ ಊಹಿಸಲು ಚಿತ್ರಗಳೇ ಇರುವುದಿಲ್ಲ.

ಬಣ್ಣದ ಕನ್ನಡಕ, ಬಣ್ಣದ ಹಾಳೆ, ಕಣ್ಣಿನ ವ್ಯಾಯಾಮಗಳಿಂದ ಡಿಸ್ಲೆಕ್ಸಿಯಾ ವಾಸಿಯಾಗುತ್ತದೆ ಎನ್ನುವವರಿಂದ ದೂರವಿರಿ. ಅಮೆರಿಕದ ಮಕ್ಕಳ ವೈದ್ಯರ ಮತ್ತು ನೇತ್ರ ವೈದ್ಯರ ಸಂಘಗಳು 2009ರಲ್ಲಿ ಜಂಟಿ ಹೇಳಿಕೆ ಕೊಟ್ಟು, ಇವುಗಳಿಗೆ ವೈಜ್ಞಾನಿಕ ಆಧಾರವಿಲ್ಲ ಎಂದಿವೆ. ಕಣ್ಣಿನ ಪರೀಕ್ಷೆ ಮಾಡಿಸಬೇಕು, ನಿಜ. ಆದರೆ ಅದು ಕಣ್ಣಿಗಾಗಿ.

ಮಗು ಎರಡು ಮೂರು ಭಾಷೆಗಳಲ್ಲಿ ಕಲಿಯಬೇಕು. ಕನ್ನಡ ತಕ್ಕಮಟ್ಟಿಗೆ ಓದುತ್ತದೆ, ಇಂಗ್ಲಿಷ್ ಬರುವುದೇ ಇಲ್ಲ. ಡಿಸ್ಲೆಕ್ಸಿಯಾ ಒಂದು ಭಾಷೆಗೆ ಮಾತ್ರ ಇರುತ್ತದೆಯೇ?

ಬೇರು ಒಂದೇ, ಕಾಣಿಸಿಕೊಳ್ಳುವ ರೀತಿ ಲಿಪಿಗೆ ತಕ್ಕಂತೆ ಬೇರೆ. ಕನ್ನಡದಲ್ಲಿ ಬರೆದಂತೆ ಓದುತ್ತೇವೆ, ಹಾಗಾಗಿ ಮಗು ತಪ್ಪಿಲ್ಲದೆ ಓದಿದರೂ ತೀರ ನಿಧಾನವಾಗಿ, ಅಕ್ಷರ ಅಕ್ಷರ ಬಿಡಿಸಿ ಓದಬಹುದು. ಇಲ್ಲಿನ ಹೊರೆ ಚಿಹ್ನೆಗಳ ಸಂಖ್ಯೆಯದು: ಕಾಗುಣಿತ, ಅದರ ಮೇಲೆ ಒತ್ತಕ್ಷರ. ಹ್ರಸ್ವ ದೀರ್ಘ ಅದಲುಬದಲು, ಅಲ್ಪಪ್ರಾಣ ಮಹಾಪ್ರಾಣದ ಗೊಂದಲ, ಒತ್ತು ಬಿಟ್ಟುಹೋಗುವುದು ದೊಡ್ಡ ತರಗತಿಗೆ ಬಂದರೂ ಉಳಿದಿದ್ದರೆ ಅಜಾಗ್ರತೆ ಎಂದು ತಳ್ಳಿಹಾಕಬೇಡಿ. ಇಂಗ್ಲಿಷಿನಲ್ಲಿ ಚಿಹ್ನೆಗಳು 26ಷ್ಟೇ, ಆದರೆ ಧ್ವನಿಗೂ ಸ್ಪೆಲಿಂಗಿಗೂ ನೇರ ನಂಟಿಲ್ಲ, ಹಾಗಾಗಿ ಅಲ್ಲಿ ನೇರ ತಪ್ಪುಗಳೇ ಎದ್ದು ಕಾಣುತ್ತವೆ.

ಶಾಲೆಗೆ ಕೇಳಬೇಕಾದದ್ದು: ಓದಿನ ನೆರವು ಯಾವ ಭಾಷೆಯಲ್ಲಿ? ಎಷ್ಟು ಭಾಷೆ ಕಡ್ಡಾಯ? ಒಂದರಿಂದ ವಿನಾಯಿತಿ ಸಿಗುತ್ತದೆಯೇ, ಸಿಕ್ಕರೆ ಆ ಪೀರಿಯಡ್ಡಿನಲ್ಲಿ ಮಗು ಏನು ಮಾಡುತ್ತದೆ? ವಿನಾಯಿತಿ ಕೊಟ್ಟು ಅದೇ ತರಗತಿಯ ಮೂಲೆಯಲ್ಲಿ ಸುಮ್ಮನೆ ಕೂರಿಸಿದರೆ ವರ್ಷಕ್ಕೆ ನೂರಾರು ಗಂಟೆ ವ್ಯರ್ಥ. ಆ ಹೊತ್ತು ಓದಿನ ನೆರವಿಗೆ ಸಿಗಬೇಕು. ಮನೆಯ ಭಾಷೆಯಲ್ಲಿ ಮಾತಾಡುವುದನ್ನು ಮಾತ್ರ ನಿಲ್ಲಿಸಬೇಡಿ. ಅದನ್ನು ನಿಲ್ಲಿಸಿದ ಮಾತ್ರಕ್ಕೆ ಡಿಸ್ಲೆಕ್ಸಿಯಾ ಕಡಿಮೆಯಾಗುವುದಿಲ್ಲ.

ಎಡಿಎಚ್‌ಡಿ ಇದ್ದರೆ ಶಾಲೆಯಲ್ಲಿ ಬೇರೆ ಏನು ನೋಡಬೇಕು?

ಪುಸ್ತಕ, ಡೈರಿ, ದಿನಾಂಕ, ಮುಂದಿನ ಕೆಲಸ ಇವನ್ನೆಲ್ಲ ಹೊಂದಿಸಿಕೊಳ್ಳುವ ಹೊಣೆಯನ್ನು ಶಾಲೆ ಎಷ್ಟರ ಮಟ್ಟಿಗೆ ಮಗುವಿನ ತಲೆಯ ಮೇಲೆ ಬಿಡುತ್ತದೆ ಎಂದು ನೋಡಿ. ಎಡಿಎಚ್‌ಡಿ ಇರುವ ಮಕ್ಕಳಲ್ಲಿ ಮಿದುಳಿನ ಹೊರಪದರ ಬಲಿಯುವುದು ಸರಾಸರಿ ಸುಮಾರು 3 ವರ್ಷ ತಡ ಎಂದು ಅಮೆರಿಕದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಂಸ್ಥೆಯ ಸಂಶೋಧಕರು 2007ರಲ್ಲಿ ತೋರಿಸಿದರು. 12 ವರ್ಷದವನಿಂದ 12 ವರ್ಷದವನ ಅಚ್ಚುಕಟ್ಟು ಬಯಸಿ, ಬರದಿದ್ದಾಗ ಶಿಕ್ಷಿಸುವ ಶಾಲೆಯಲ್ಲಿ ಇಂಥ ಮಗು ದಿನವೂ ತಪ್ಪಿತಸ್ಥ.

ಒಳ್ಳೆಯ ಗುರುತುಗಳು ಇವು: ಹೋಂವರ್ಕ್ ಎಲ್ಲ ಶಿಕ್ಷಕರಿಂದಲೂ ಒಂದೇ ಜಾಗದಲ್ಲಿ ಸಿಗುತ್ತದೆ. ದಿನದ ಕೊನೆಗೆ ಬ್ಯಾಗ್ ತುಂಬಿಕೊಳ್ಳಲು ಐದು ನಿಮಿಷ ಇರುತ್ತದೆ. ದೊಡ್ಡ ಪ್ರಾಜೆಕ್ಟನ್ನು ನಾಲ್ಕು ತುಂಡು ಮಾಡಿ ನಾಲ್ಕು ಬೇರೆ ದಿನಾಂಕ ಕೊಡುತ್ತಾರೆ. ಶಿಕ್ಷೆಯೆಂದು ಆಟದ ಪೀರಿಯಡ್ ಕಸಿಯುವುದಿಲ್ಲ. ಪುಸ್ತಕದ ಇನ್ನೊಂದು ಸೆಟ್ ಮನೆಯಲ್ಲಿ ಇಟ್ಟುಕೊಂಡರೆ ಅರ್ಧ ಜಗಳ ತಪ್ಪುತ್ತದೆ, ಇದಕ್ಕೆ ಯಾರ ಅನುಮತಿಯೂ ಬೇಡ.

ಡಿಸ್‌ಕ್ಯಾಲ್ಕುಲಿಯಾಗೆ?

ಮಗ್ಗಿ ಬಾಯಿಪಾಠ ಆಗದೆ ಮುಂದಿನ ಪಾಠಕ್ಕೆ ಬಿಡದ ಶಾಲೆ ಬೇಡ. ಮಗ್ಗಿ ಚಾರ್ಟ್ ಅಥವಾ ಕ್ಯಾಲ್ಕುಲೇಟರ್ ಇಟ್ಟುಕೊಂಡು ಬೀಜಗಣಿತ, ರೇಖಾಗಣಿತ ಕಲಿಯಲು ಬಿಡಬೇಕು. ಎಣಿಸಲು ಬಳಸುವ ಗೆರೆಪಟ್ಟಿ, ಬಿಲ್ಲೆ, ಕಡ್ಡಿಗಳನ್ನು "ಸಣ್ಣ ಮಕ್ಕಳ ಸಾಮಾನು" ಎಂದು 6ನೇ ತರಗತಿಯಲ್ಲಿ ಕಪಾಟಿಗೆ ಸೇರಿಸಿದ್ದಾರೆಯೇ ಎಂದೂ ನೋಡಿ.

ಲ್ಯಾಪ್‌ಟಾಪ್, ಆ್ಯಪ್‌ಗಳಿಂದ ಉಪಯೋಗವಿದೆಯೇ?

ಇದೆ, ತಯಾರಿ ಇದ್ದರೆ. ಪಠ್ಯವನ್ನು ಓದಿ ಹೇಳುವ ತಂತ್ರಾಂಶ, ಮಾತನ್ನು ಬರಹಕ್ಕಿಳಿಸುವ ತಂತ್ರಾಂಶ ಎರಡೂ ಈಗ ಸಾಧಾರಣ ಫೋನಿನಲ್ಲೂ ಸಿಗುತ್ತವೆ. ತೊಡಕು ಬರುವುದು ಬೇರೆಡೆ: ಪಠ್ಯಪುಸ್ತಕ ಸ್ಕ್ಯಾನ್ ಮಾಡಿದ ಚಿತ್ರವಾಗಿದ್ದರೆ ತಂತ್ರಾಂಶ ಅದನ್ನು ಸರಿಯಾಗಿ ಓದಲಾರದು. ಆಯ್ದು ನಕಲು ಮಾಡಬಹುದಾದ ಪಠ್ಯ ಬೇಕು. ಮಗು ಕಲಿಯುವ ಪ್ರತಿ ಭಾಷೆಯಲ್ಲೂ ಒಂದು ಪುಟ ಓದಿಸಿ ಪರೀಕ್ಷಿಸಿ. ಟೈಪಿಂಗ್ ವೇಗ ಕೈಬರಹದ ವೇಗವನ್ನು ದಾಟುವವರೆಗೆ ಲ್ಯಾಪ್‌ಟಾಪ್ ಇನ್ನೊಂದು ಹೊರೆಯಷ್ಟೇ, ಹಾಗಾಗಿ ಶಾಲೆ ಸೇರುವ ಆರು ತಿಂಗಳು ಮೊದಲೇ ದಿನಕ್ಕೆ 10 ನಿಮಿಷದ ಅಭ್ಯಾಸ ಶುರುವಾಗಲಿ. ಇಡೀ ತರಗತಿಯಲ್ಲಿ ಒಬ್ಬನೇ ಲ್ಯಾಪ್‌ಟಾಪ್ ತೆರೆಯಬೇಕಾದ ಶಾಲೆಯಲ್ಲಿ ಮಕ್ಕಳು ಅದನ್ನು ಬ್ಯಾಗಿನಿಂದ ಹೊರತೆಗೆಯುವುದೇ ಇಲ್ಲ.

ಹೋಂವರ್ಕ್ ಮುಗಿಯುವಾಗ ರಾತ್ರಿ ಹನ್ನೊಂದಾಗುತ್ತದೆ. ಶಾಲೆಯನ್ನು ಏನು ಕೇಳಬಹುದು?

ಪ್ರಶ್ನೆಗಳ ಲೆಕ್ಕದ ಬದಲು ಸಮಯದ ಲೆಕ್ಕ ಕೇಳಿ. ತರಗತಿಗೆ 10 ನಿಮಿಷದಂತೆ, 6ನೇ ತರಗತಿಗೆ ಎಲ್ಲ ವಿಷಯ ಸೇರಿ 60 ನಿಮಿಷ ಎಂಬುದು ಬಹಳ ಕಡೆ ಬಳಕೆಯಲ್ಲಿರುವ ಅಂದಾಜು. ಅಷ್ಟು ಹೊತ್ತು ಪ್ರಾಮಾಣಿಕವಾಗಿ ಕೂತ ಮೇಲೆ ಉಳಿದದ್ದನ್ನು ಬಿಟ್ಟು ಪೋಷಕರು ಸಹಿ ಹಾಕಿ ಕಳಿಸುವ ಒಪ್ಪಂದ ಆಗಬೇಕು. 20 ಲೆಕ್ಕದಲ್ಲಿ ಒಂದು ಬಿಟ್ಟು ಒಂದು, 10 ಮಾಡಿದರೂ ಕಲಿಕೆ ಅದೇ. ನಿದ್ದೆಯನ್ನು ಕತ್ತರಿಸಬೇಡಿ: 6ರಿಂದ 12 ವರ್ಷಕ್ಕೆ 9ರಿಂದ 12 ಗಂಟೆ, 13 ದಾಟಿದವರಿಗೆ 8ರಿಂದ 10 ಗಂಟೆ ನಿದ್ದೆ ಬೇಕು ಎಂದು ಅಮೆರಿಕದ ನಿದ್ರಾ ವೈದ್ಯಕೀಯ ಅಕಾಡೆಮಿ 2016ರಲ್ಲಿ ಹೇಳಿದೆ. ನಿದ್ದೆಗೆಟ್ಟ ಮಗುವಿನ ಗಮನ ಮರುದಿನ ಇನ್ನೂ ಕುಸಿಯುತ್ತದೆ.

ಒಂದು ವರ್ಷ ಅದೇ ತರಗತಿಯಲ್ಲಿ ಉಳಿಸಿ ಎನ್ನುತ್ತಿದ್ದಾರೆ.

ಅದೇ ಪಾಠವನ್ನು ಅದೇ ರೀತಿ ಇನ್ನೊಂದು ಸಲ ಹೇಳಿದರೆ ಡಿಸ್ಲೆಕ್ಸಿಯಾ ಹೋಗುವುದಿಲ್ಲ. ಈ ವಯಸ್ಸಿನಲ್ಲಿ ಗೆಳೆಯರು ಮುಂದೆ ಹೋಗಿ ತಾನು ಹಿಂದುಳಿದ ನೋವು ಬಹಳ ಆಳಕ್ಕೆ ಇಳಿಯುತ್ತದೆ. "ಎರಡನೇ ವರ್ಷ ಏನನ್ನು ಬೇರೆ ರೀತಿ ಮಾಡುತ್ತೀರಿ?" ಎಂದು ಕೇಳಿ. ಉತ್ತರವಿದ್ದರೆ, ಅದನ್ನು ಮುಂದಿನ ತರಗತಿಯಲ್ಲೇ ಮಾಡಬಹುದಲ್ಲ?

ಮಗುವಿನ ಅಭಿಪ್ರಾಯ ಎಷ್ಟು ಮುಖ್ಯ?

ಬಹಳ ಮುಖ್ಯ, ಆದರೆ ಪೂರ್ತಿ ಭಾರ ಮಗುವಿನ ಮೇಲೆ ಹಾಕಬೇಡಿ. ಶಾಲೆಗಳ ಪಟ್ಟಿಯನ್ನು ನೀವು ಎರಡಕ್ಕೆ ಇಳಿಸಿ, ಆ ಎರಡರಲ್ಲೂ ಒಂದೊಂದು ಪೂರ್ತಿ ದಿನ ಕೂತುಬರಲು ಬಿಡಿ. "ಹೇಗಿತ್ತು?" ಎಂದರೆ "ಪರವಾಗಿಲ್ಲ" ಎನ್ನುವ ಉತ್ತರವೇ ಬರುತ್ತದೆ. ಊಟಕ್ಕೆ ಯಾರ ಪಕ್ಕ ಕೂತೆ, ಯಾವ ಟೀಚರ್ ಹೇಳಿದ್ದು ಅರ್ಥವಾಯಿತು, ಗೊತ್ತಾಗದಿದ್ದಾಗ ಯಾರನ್ನು ಕೇಳಿದೆ ಎಂದು ಬಿಡಿಬಿಡಿಯಾಗಿ ಕೇಳಿ. ತನ್ನ ತೊಂದರೆಯನ್ನು ಎರಡು ವಾಕ್ಯದಲ್ಲಿ ಹೇಳಲು ಮಗು ಕಲಿತಿರಲಿ: "ನನಗೆ ಓದಲು ಹೊತ್ತು ಹಿಡಿಯುತ್ತದೆ. ಓದಿ ಹೇಳಿದರೆ ಬೇಗ ಅರ್ಥವಾಗುತ್ತದೆ." ಆರೇಳು ಶಿಕ್ಷಕರಿರುವ ಕಡೆ ಈ ಎರಡು ವಾಕ್ಯ ದಿನವೂ ಕೆಲಸಕ್ಕೆ ಬರುತ್ತದೆ.

ಗೇಲಿ, ಕಾಟದ ಭಯವಿದೆ.

ಅದು ನಡೆಯುವುದು ಹೆಚ್ಚಾಗಿ ಶಿಕ್ಷಕರಿಲ್ಲದ ಹೊತ್ತಿನಲ್ಲಿ: ಶಾಲಾ ವಾಹನ, ಊಟದ ಹೊತ್ತು, ಪೀರಿಯಡ್ ಬದಲಾಗುವಾಗಿನ ವರಾಂಡ, ಶೌಚಾಲಯದ ಹಾದಿ. ಈ ನಾಲ್ಕು ಕಡೆ ಯಾವ ಹೊತ್ತಿನಲ್ಲಿ ಯಾರ ಡ್ಯೂಟಿ ಎಂದು ಕೇಳಿ. ದೂರು ಬಂದರೆ ಯಾರು, ಎಷ್ಟು ದಿನದಲ್ಲಿ ಪೋಷಕರಿಗೆ ಉತ್ತರ ಕೊಡುತ್ತಾರೆ ಎಂಬುದೂ ಗೊತ್ತಾಗಲಿ. ಅಂಕಪಟ್ಟಿಯನ್ನು ತರಗತಿಯಲ್ಲಿ ಗಟ್ಟಿಯಾಗಿ ಓದುವ ಶಾಲೆ ಗೇಲಿಗೆ ತಾನೇ ಸಾಮಗ್ರಿ ಒದಗಿಸುತ್ತದೆ.

ಸೇರಿಸಿದ್ದಾಯಿತು. ಶಾಲೆ ಹೊಂದುತ್ತಿದೆಯೋ ಇಲ್ಲವೋ ಎಂದು ಎಷ್ಟು ದಿನದಲ್ಲಿ ಗೊತ್ತಾಗುತ್ತದೆ?

ಮೊದಲ ಆರು ವಾರ ಎಲ್ಲ ಮಕ್ಕಳೂ ದಣಿಯುತ್ತಾರೆ, ಅದರಿಂದ ತೀರ್ಮಾನಕ್ಕೆ ಬರಬೇಡಿ. ಎರಡನೇ ವಾರದ ಕೊನೆಗೆ ಎಲ್ಲ ವಿಷಯ ಶಿಕ್ಷಕರಿಗೂ ಒಂದು ಪುಟದ ಪರಿಚಯ ತಲುಪಿದೆಯೇ ಎಂದು ವಿಚಾರಿಸಿ. ಆರನೇ ವಾರಕ್ಕೆ ಒಂದು ಭೇಟಿ ನಿಗದಿ ಮಾಡಿ, ಒಪ್ಪಿದ ಅನುಕೂಲಗಳ ಪಟ್ಟಿ ಹಿಡಿದುಕೊಂಡು ಒಂದೊಂದೂ ನಡೆಯುತ್ತಿದೆಯೇ ನೋಡಿ. ಮಾತಿನಲ್ಲಿ ಒಪ್ಪಿದ್ದನ್ನು ಅದೇ ಸಂಜೆ ನಾಲ್ಕು ಸಾಲಿನ ಇ-ಮೇಲ್ ಮಾಡಿ ಕಳಿಸಿ. ಶಿಕ್ಷಕರು ಬದಲಾದಾಗ ಉಳಿಯುವುದು ಅದೊಂದೇ.

ಹತ್ತನೇ ವಾರ ದಾಟಿದರೂ ರಜೆ ಮುಗಿಯುವ ಸಂಜೆ ಹೊಟ್ಟೆನೋವು ಬರುತ್ತಿದ್ದರೆ, ಊಟದ ಡಬ್ಬಿ ಹಾಗೇ ವಾಪಸ್ ಬರುತ್ತಿದ್ದರೆ, "ನಾನು ದಡ್ಡ" ಎಂಬ ಮಾತು ಹೊಸದಾಗಿ ಕೇಳಿಬರುತ್ತಿದ್ದರೆ ವರ್ಷದ ಕೊನೆಯವರೆಗೆ ಕಾಯಬೇಡಿ. ಮೊದಲು ವೇಳಾಪಟ್ಟಿ ಬಿಡಿಸಿ, ಯಾವ ದಿನ ಯಾವ ಪೀರಿಯಡ್ಡಿನ ಹಿಂದುಮುಂದು ಇದು ಹೆಚ್ಚುತ್ತದೆ ಎಂದು ಎರಡು ವಾರ ಗುರುತು ಹಾಕಿ. ಎಷ್ಟೋ ಸಲ ಕಷ್ಟ ಇಡೀ ಶಾಲೆಯದಾಗಿರದೆ ಒಂದು ವಿಷಯದ್ದೋ, ಒಂದು ಬಸ್ ಸೀಟಿನದ್ದೋ ಆಗಿರುತ್ತದೆ, ಅದನ್ನು ಬದಲಿಸಬಹುದು. ಗುರುತುಗಳು ವಾರವಿಡೀ ಹರಡಿದ್ದು, ಎರಡು ಭೇಟಿಗಳ ನಂತರವೂ ಒಪ್ಪಿದ ಅನುಕೂಲಗಳು ಕಾಗದದಲ್ಲೇ ಉಳಿದಿದ್ದರೆ, ನಿಮ್ಮ ಎರಡನೇ ಆಯ್ಕೆಯ ಶಾಲೆಗೆ ಫೋನ್ ಮಾಡಿ ವರ್ಷದ ನಡುವೆ ಸೀಟು ಇದೆಯೇ ಎಂದು ಕೇಳಿ.